ಗೋಡೆಯಲ್ಲಿ ಉಳಿದ ಅಕ್ಷರ

ಬೀದಿಯವರೆಲ್ಲ ಅವರನ್ನು ಅಕ್ಷರಪ್ಪ ಎಂದು ಕರೆಯುತ್ತಿದ್ದರು. ಹಾಗಂತ ಅವರೇನೂ ಬಹಳ ಓದಿದವರಲ್ಲ. ಶಾಲೆ ಅವರನ್ನು ಬಿಟ್ಟಿತೋ ಅವರೇ ಶಾಲೆಯನ್ನು ಬಿಟ್ಟರೋ ಎಂಬ ವಿಷಯದಲ್ಲಿ ಮನೆಯೊಳಗೆ ಇನ್ನೂ ಒಮ್ಮತ ಮೂಡಿರಲಿಲ್ಲ. ಆದರೆ ಆ ಬೀದಿಯ ಅಂಗಡಿಗಳ ನೆತ್ತಿಯ ಮೇಲೆ ಬಿಸಿಲಿಗೆ ಮಿರಮಿರ ಮಿಂಚುತ್ತಿದ್ದ ಹಿತ್ತಾಳೆಯ ಇಂಗ್ಲಿಷ್ ಅಕ್ಷರಗಳೆಲ್ಲ ಅವರ ಕೈಯಲ್ಲೇ ಹುಟ್ಟಿದವು. ತಗಡಿನ ಮೇಲೆ ಗೀರು ಎಳೆದು, ಕತ್ತರಿಸಿ, ಅಂಚನ್ನು ಅರದಿಂದ ತಿಕ್ಕಿ, ಕೊನೆಗೆ ಹಳೆಯ ಬನಿಯನ್ನಿನ ತುಂಡಿನಿಂದ ಉಜ್ಜಿ ಹೊಳಪು ಬರಿಸುವಷ್ಟರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ದಿನ ಹಿಡಿಯುತ್ತಿತ್ತು. ಯಾರಾದರೂ 'ಬೋರ್ಡು ಮಾಡೋರು' ಎಂದರೆ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೋರ್ಡನ್ನು ಯಾವ ಬಡಗಿಯಾದರೂ ಮಾಡಿಯಾನು, ತಾವು ಹೆಸರಿಡುವವರು. ಅಂಗಡಿ ನಡೆಯುವುದು ಸರಕಿನಿಂದಲ್ಲ, ಹೆಸರಿನಿಂದ ಎಂದು ಅವರು ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ, ಕೇಳಿದವರಿಗೆ ತಮ್ಮ ಸರಕಿನ ಬಗ್ಗೆಯೇ ಅನುಮಾನ ಬರುತ್ತಿತ್ತು.

ಅವರ ಅಂಗಡಿ ಎಂದರೆ ಒಂದು ಇಕ್ಕಟ್ಟಿನ ಕೋಣೆ, ಕಿರುಗುಟ್ಟುವ ಶಟರು, ಒಂದು ಮೇಜು, ಎದುರಿಗೆ ಇಡೀ ಗೋಡೆಯ ತುಂಬ ಮೊಳೆಗಳು. ಆ ಮೊಳೆಗಳ ಮೇಲೆ ಅಕ್ಷರಗಳು. ಹೊಸವು ಕಡಿಮೆ, ಬಹುಪಾಲು ಹಳೆಯವು. ಅಂಗಡಿ ಮುಚ್ಚಿದವರು ಬಾಗಿಲಿಗೆ ಬೀಗ ಹಾಕುವ ಮೊದಲು ಅಕ್ಷರಪ್ಪನವರಿಗೆ ಹೇಳಿ ಕಳಿಸುತ್ತಿದ್ದರು. ಅವರು ಏಣಿ ಹೊತ್ತುಕೊಂಡು ಹೋಗಿ, ತಾವೇ ಹಾಕಿದ್ದ ಅಕ್ಷರಗಳನ್ನು ತಾವೇ ಬಿಚ್ಚಿ ತರುತ್ತಿದ್ದರು. ತಂದವನ್ನು ನಿಂಬೆಹುಳಿ ಹಚ್ಚಿ ತೊಳೆದು, ಸ್ಕ್ರೂ ಹೋಗಿದ್ದ ತೂತುಗಳನ್ನು ಬೆಸುಗೆಯಿಂದ ಮುಚ್ಚಿ, ಎ ಯಿಂದ ಝಡ್‌ವರೆಗೆ ಸಾಲಾಗಿ ನೇತುಹಾಕುತ್ತಿದ್ದರು. ಇ, ಎಸ್, ಟಿ ಗಳು ಬಂದಷ್ಟೇ ಬೇಗ ಹೊರಟುಹೋಗುತ್ತಿದ್ದವು. ಕ್ಯೂ, ಎಕ್ಸ್, ಝಡ್‌ಗಳು ಮಾತ್ರ ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ಜೋತಾಡಿಕೊಂಡೇ ಇರುತ್ತಿದ್ದವು.

ಹೊಸ ಅಕ್ಷರಕ್ಕಿಂತ ಹಳೆಯದು ಅಗ್ಗ. ಹೊಸ ಅಂಗಡಿ ತೆರೆಯುವವರ ಕೈ ಹೇಗೂ ಬಿಗಿ. ಹಾಗಾಗಿ ಗಿರಾಕಿ ಬಂದ ಕೂಡಲೇ ಅಕ್ಷರಪ್ಪನವರು ಅವರ ಮನಸ್ಸಿನಲ್ಲಿದ್ದ ಹೆಸರನ್ನು ಕೇಳುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಗೋಡೆಯಲ್ಲಿ ಏನಿದೆ ನೋಡುತ್ತಿದ್ದರು, 'ನಾಳಿದ್ದು ಬನ್ನಿ, ಹೆಸರು ಹುಡುಕಿಟ್ಟಿರ್ತೀನಿ' ಎನ್ನುತ್ತಿದ್ದರು. ಆಮೇಲೆ ಮನೆಗೆ ಹೋಗಿ, ಊಟವಾದ ಮೇಲೆ, ತಲೆದಿಂಬಿನಷ್ಟು ದಪ್ಪದ ಡಿಕ್ಷನರಿಯನ್ನು ಮೇಜಿನ ಮೇಲೆ ಇಳಿಸುತ್ತಿದ್ದರು. ಎರಡು ಓ, ಒಂದು ಎಲ್, ಒಂದು ಎಂ ಇರುವ ಪದ ಯಾವುದು? ಡಬ್ಲ್ಯೂ ಮತ್ತು ಡಿ ಎರಡೂ ಇದ್ದು, ಆರ್ ಇಲ್ಲದ ಪದ ಯಾವುದು? ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ, ತುಟಿ ಅಲುಗಿಸುತ್ತ ಹುಡುಕುವುದು ಅವರ ಕೆಲಸ. ಸಿಕ್ಕಿದ ಪದದ ಅರ್ಥ ಓದಿ ಹೇಳುವುದು ಹೆಂಡತಿಯ ಕೆಲಸ. ಅವರಿಗೆ ಅಕ್ಷರ ಬರುತ್ತಿತ್ತೇ ಹೊರತು ಅರ್ಥ ಬರುತ್ತಿರಲಿಲ್ಲ. ಆಕೆಗೆ ಎರಡೂ ಬರುತ್ತಿದ್ದವು, ಆದರೆ ಬೀದಿಯಲ್ಲಿ ಹೆಸರು ಬಂದದ್ದು ಇವರಿಗೆ.

ಆಕೆ ಇಲ್ಲದಿದ್ದರೆ ಆ ಬೀದಿಯ ಗತಿ ಏನಾಗುತ್ತಿತ್ತೋ. ಒಮ್ಮೆ ಹೊಸ ಕಾಫಿ ಅಂಗಡಿಗೆ ಅವರು 'ಗ್ಲೂಮ್' ಎಂದು ಹೆಸರು ಆರಿಸಿದ್ದರು. ಬಾಯ್ತುಂಬ ಬರುತ್ತೆ, ಘನವಾಗಿದೆ ಎಂದು ಬೀಗಿದರು. ಆಕೆ ಅರ್ಥ ಓದಿದರು: ಮಂಕು, ಖಿನ್ನತೆ, ಕತ್ತಲೆ ಕವಿದಿರುವುದು. ಇನ್ನೊಮ್ಮೆ ಕುರ್ಚಿ-ಮೇಜು ಮಾರುವವನಿಗೆ 'ಸ್ವಿಂಡಲ್' ಎಂಬುದು ಗೋಡೆಯ ಅಕ್ಷರಗಳಲ್ಲಿ ಅಚ್ಚುಕಟ್ಟಾಗಿ ಕೂತಿತು, ಒಂದೂ ಹೊಸದು ಬೇಕಾಗಿರಲಿಲ್ಲ. 'ಟೋಪಿ ಹಾಕೋದು ಅಂತ ಅರ್ಥ ಕಣ್ರೀ' ಎಂದರು ಆಕೆ. 'ಹಾಕೋದು ಹೌದಾದ್ರೆ ಹೇಳ್ಕೊಂಡು ಹಾಕೋದು ಒಳ್ಳೇದಲ್ವಾ' ಎಂದು ಇವರು ಗೊಣಗಿದರೂ ಆ ಅಕ್ಷರಗಳು ಮತ್ತೆ ಮೊಳೆಗೆ ಏರಿದವು.

ಈ ಉದ್ಯೋಗದಲ್ಲಿ ಒಂದು ಗುಟ್ಟಿತ್ತು. ಮುಚ್ಚಿದ ಅಂಗಡಿಯ ಅಕ್ಷರ ಎಂದರೆ ಜನ ಹೆದರುತ್ತಾರೆ. ಸೋಲು ಅಂಟುರೋಗ ಎಂಬ ನಂಬಿಕೆ. ಹಾಗಾಗಿ ಯಾವ ಅಕ್ಷರ ಎಲ್ಲಿಂದ ಬಂತು ಎಂಬುದನ್ನು ಅಕ್ಷರಪ್ಪನವರು ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಅಗ್ಗ ಯಾಕೆ ಎಂದು ಕೇಳಿದರೆ 'ಅಭ್ಯಾಸಕ್ಕೆ ಮಾಡಿದ್ದು' ಎನ್ನುತ್ತಿದ್ದರು, ಕೆಲವೊಮ್ಮೆ ಮುಖ ಬಿಗಿದು 'ಇದು ಆಗಿಬರೋ ಅಕ್ಷರ' ಎಂದೂ ಸೇರಿಸುತ್ತಿದ್ದರು. ತಮಗೇ ಒಂದು ಕಾನೂನನ್ನೂ ಮಾಡಿಕೊಂಡಿದ್ದರು: ಒಂದೇ ಅಂಗಡಿಯಿಂದ ಬಂದ ಎರಡು ಅಕ್ಷರ ಒಂದೇ ಬೋರ್ಡಿಗೆ ಹೋಗಬಾರದು. ಎರಡು ಸೇರಿದರೆ ಅವು ಹಳೆಯ ಕಷ್ಟ ಸುಖ ಮಾತಾಡಿಕೊಳ್ಳಲು ಶುರು ಮಾಡುತ್ತವಂತೆ. ಒಂದೇ ಆದರೆ ಹೊಸಬರ ನಡುವೆ ಬಾಯಿ ಮುಚ್ಚಿಕೊಂಡು ಬಾಳುತ್ತದೆ. ಹೆಂಡತಿ ಇದನ್ನು ಕೇಳಿ ನಕ್ಕಿದ್ದರು. ಆದರೆ ಅದು ಒಂದು ಬಗೆಯ ಕರುಣೆ ಎಂಬುದು ಆಕೆಗೂ ಗೊತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಕೈ ಹೊಲಿಗೆಯಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳು ಅದೇ ಬೀದಿಯಲ್ಲಿ ಪರದೆ, ದಿಂಬಿನ ಚೀಲಗಳ ಅಂಗಡಿ ತೆರೆದಾಗ ಅಕ್ಷರಪ್ಪನವರ ಕಾಲು ನೆಲದ ಮೇಲಿರಲಿಲ್ಲ. ಊರಿಗೆಲ್ಲ ಹೆಸರಿಟ್ಟವರು ಸ್ವಂತ ಮಗಳಿಗೆ ಸಾಮಾನ್ಯದ ಹೆಸರಿಡುತ್ತಾರೆಯೇ? ವಾರಗಟ್ಟಲೆ ಡಿಕ್ಷನರಿ ಅಗೆದು ತೆಗೆದರು: ಎಕ್ಸ್‌ಕ್ವಿಸಿಟ್. ಅತ್ಯಂತ ಸೊಗಸಾದ, ನಾಜೂಕಾದ ಎಂದು ಅರ್ಥ. ಎಕ್ಸ್ ಮತ್ತು ಕ್ಯೂ ಎರಡೂ ಒಂದೇ ಪದದಲ್ಲಿ ಬರುವುದೆಂದರೆ ಸಣ್ಣ ಮಾತಲ್ಲ ಎಂದು ಮೀಸೆಯ ಮೇಲೆ ಕೈ ಆಡಿಸಿದರು. ಮಗಳಿಗಾಗಿ ಅಷ್ಟೂ ಅಕ್ಷರಗಳನ್ನು ಹೊಸ ತಗಡಿನಲ್ಲಿ ಕತ್ತರಿಸಿದರು, ಹಳೆಯದೊಂದನ್ನೂ ಮುಟ್ಟಲಿಲ್ಲ. ಹೆಂಡತಿ ಮಾತ್ರ, 'ಪರದೆ ಅಂಗಡಿಗೆ ಪರದೆ ಅಂತ ಇಡಬಾರದೇನ್ರೀ' ಎಂದು ಮೆಲ್ಲಗೆ ಕೇಳಿದ್ದರು. ಆ ಮಾತು ಅಕ್ಷರಪ್ಪನವರ ಕಿವಿಗೆ ಬಿತ್ತು, ಬಿದ್ದಲ್ಲೇ ಇತ್ತು.

ಆ ಹೆಸರನ್ನು ಆ ಬೀದಿಯಲ್ಲಿ ಯಾರೂ ಪೂರ್ತಿ ಉಚ್ಚರಿಸಿದ ದಾಖಲೆಯಿಲ್ಲ. ಎಲ್ಲರೂ ಮೊದಲ ಎರಡು ಅಕ್ಷರ ಓದಿ ಸುಸ್ತಾಗುತ್ತಿದ್ದರು. 'ಎಕ್ಸ್ ಅಂಗಡಿ' ಎಂದು ಶುರುವಾದದ್ದು 'ಎಕ್ಸ್‌ರೇ ಅಂಗಡಿ'ಯಾಗಿ ನಿಂತಿತು. ಒಬ್ಬ ಮುದುಕ ಊದಿದ ಮಣಿಕಟ್ಟು ಹಿಡಿದುಕೊಂಡು ಬಂದು, ದಿಂಬುಗಳ ನಡುವೆ ಕೂತು, ತನ್ನ ಸರದಿ ಯಾವಾಗ ಎಂದು ಕೇಳಿದ್ದೂ ಉಂಟು. ಮಗಳು ಅವನಿಗೆ ನೀರು ಕೊಟ್ಟು, ಬಟ್ಟೆಯ ಪಟ್ಟಿ ಸುತ್ತಿ, ಆಸ್ಪತ್ರೆಯ ದಾರಿ ತೋರಿಸಿದಳು. ಆಗೆಲ್ಲ ಮನೆಯಲ್ಲಿ ನಗುವೋ ನಗು.

ನಗು ಬಹಳ ದಿನ ಉಳಿಯಲಿಲ್ಲ. ನೀರಿನ ಕೊಳವೆ ಹಾಕುತ್ತೇವೆಂದು ಬೀದಿಯ ಆ ಬದಿಯನ್ನು ಅಗೆದರು. ಅಗೆದವರು ಹೋದರು, ಗುಂಡಿ ಉಳಿಯಿತು. ಮಣ್ಣಿನ ದಿಬ್ಬ ಹತ್ತಿ, ಹಲಗೆಯ ಮೇಲೆ ತೂಗಾಡುತ್ತ ಬಂದು ಪರದೆ ಕೊಳ್ಳುವ ಹುಮ್ಮಸ್ಸು ಯಾರಿಗಿರುತ್ತದೆ? ಗಾಜಿನ ಹಿಂದೆ ತೂಗುಹಾಕಿದ್ದ ಪರದೆಗಳು ಬಿಸಿಲಿಗೆ ಬಣ್ಣ ಬಿಟ್ಟವು. ಗುಂಡಿ ಮುಚ್ಚುವ ಹೊತ್ತಿಗೆ ಅಂಗಡಿಯೂ ಮುಚ್ಚಿತ್ತು.

ಅಕ್ಷರ ಬಿಚ್ಚಲು ಅಕ್ಷರಪ್ಪನವರೇ ಏಣಿ ಹತ್ತಿದರು. ಬೇರೆಯವರ ಅಂಗಡಿಯಲ್ಲಿ ಎಂದೂ ನಡುಗದ ಕೈ ಅಂದು ನಡುಗಿ, ಕ್ಯೂ ಜಾರಿ ಕೆಳಗೆ ಬಿತ್ತು. ಅದರ ಬಾಲ ಸೊಟ್ಟಗಾಯಿತು. ಕೆಳಗೆ ನಿಂತಿದ್ದ ಮಗಳು ಅದನ್ನು ಎತ್ತಿ ಅಪ್ಪನ ಚೀಲಕ್ಕೆ ಹಾಕಿದಳು. ಆವತ್ತಿನಿಂದ ಅವಳು ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಳು. ಓಡಾಡಲೇಬೇಕಾದರೆ ನೆಲ ನೋಡಿಕೊಂಡು ಹೋಗುತ್ತಿದ್ದಳು. ಅಕ್ಷರಗಳ ಮನೆಯಲ್ಲಿ ಹುಟ್ಟಿದ ಹುಡುಗಿ ತಲೆಯೆತ್ತಿ ಒಂದು ಬೋರ್ಡನ್ನೂ ಓದುತ್ತಿರಲಿಲ್ಲ.

ಅವಳ ಮನಸ್ಸಿನಲ್ಲಿ ತನ್ನ ಕೈಗುಣವೇ ಸರಿಯಿಲ್ಲ ಎಂದು ಕೂತಿತ್ತು. ಅಕ್ಷರಪ್ಪನವರ ಮನಸ್ಸಿನಲ್ಲಿ ಬೇರೆಯೇ ಮುಳ್ಳು: ತಾವಿಟ್ಟ ಹೆಸರೇ ಅವಳನ್ನು ಮುಳುಗಿಸಿತೇನೋ. ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಲಿಲ್ಲ, ಹೇಳಿದ್ದು ಹೆಂಡತಿಯ ಹತ್ತಿರ ಮಾತ್ರ. ಆಕೆ ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಮುಳುಗಿಸಿದ್ದು ಗುಂಡಿ. ಇಷ್ಟು ಸರಳವಾದ ಕಾರಣವನ್ನು ಒಪ್ಪಿಕೊಳ್ಳಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಈ ವರ್ಷ ಮಗಳು ಮತ್ತೆ ಸೂಜಿ ಹಿಡಿದಿದ್ದಳು. ದರ್ಜಿಗಳು ಎಸೆಯುವ ತುಂಡು ಬಟ್ಟೆಗಳನ್ನು ತಂದು, ಒಗೆದು, ಬಣ್ಣಕ್ಕೆ ಬಣ್ಣ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಒಂದನ್ನು ನೋಡಿದ ಪಕ್ಕದ ಮನೆಯವರು ಇನ್ನೊಂದು ಕೇಳಿದರು, ಅವರನ್ನು ನೋಡಿ ಅವರ ನಾದಿನಿ ಕೇಳಿದರು, ಮಹಡಿಯ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕೊನೆಗೆ ಅಮ್ಮನ ಒತ್ತಾಯಕ್ಕೆ ಲಾಂಡ್ರಿಯ ಹಿಂಬದಿಯ ಸಣ್ಣ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಹಿಡಿದ ದಿನವೇ ಹೇಳಿಬಿಟ್ಟಳು, ಬೋರ್ಡು ಬೇಡ ಎಂದು.

ಹೆಸರಿಲ್ಲದ ಅಂಗಡಿ! ಅಕ್ಷರಪ್ಪನವರಿಗೆ ತಾವು ಬದುಕಿರುವಾಗಲೇ ತಮ್ಮ ಕಸುಬಿಗೆ ತಿಥಿ ಆದಂತಾಯಿತು. ಆದರೆ ನೋವು ಕಸುಬಿನದಲ್ಲ. ಬೋರ್ಡು ಹಾಕದವರು ಎಂದರೆ ಹೋಗಲು ತಯಾರಾಗಿಯೇ ಬಂದವರು ಎಂದು ಅವರ ಲೆಕ್ಕ. ಇವಳು ಬಾಗಿಲು ತೆರೆಯುವ ಮೊದಲೇ ಮುಚ್ಚುವ ದಿನವನ್ನು ನೋಡುತ್ತಿದ್ದಾಳೆ. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಅವರು ತಮಗೆ ಬರುವ ಒಂದೇ ವಿದ್ಯೆಗೆ ಕೈ ಹಾಕಿದರು: ಡಿಕ್ಷನರಿ ಇಳಿಸಿದರು. ದಿನಕ್ಕೊಂದು ಪದ ಊಟದ ತಟ್ಟೆಯ ಪಕ್ಕ ಬಂದು ಕೂರತೊಡಗಿತು. ಒಂದು ದಿನ 'ಗ್ರ್ಯಾಂಡರ್', ವೈಭವ. ಇನ್ನೊಂದು ದಿನ 'ಸಬ್ಲೈಮ್', ಭವ್ಯ. ಮಗಳು ಪ್ರತಿ ದಿನ ಅನ್ನ ಕಲಸುತ್ತ, 'ಚೆನ್ನಾಗಿದೆ ಅಪ್ಪ, ಬೇರೆ ಯಾರಿಗಾದ್ರೂ ಕೊಡು' ಎನ್ನುತ್ತಿದ್ದಳು. 'ಮ್ಯಾಗ್ನಿಫಿಸೆಂಟ್' ಬಂದ ದಿನ ಹೆಂಡತಿಗೇ ತಡೆಯಲಾಗಲಿಲ್ಲ. ಆ ಕೋಣೆಯ ಬಾಗಿಲಿಗಿಂತ ಈ ಹೆಸರು ಅಗಲವಿದೆ, ಅರ್ಧವನ್ನು ಲಾಂಡ್ರಿಯವರ ಗೋಡೆಗೆ ಹಾಕುತ್ತೀರಾ ಎಂದು ಕೇಳಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಹೆಂಡತಿಗೆ ಮಂಡಿನೋವೆಂದು ಊಟದ ಡಬ್ಬಿಯನ್ನು ಮಗಳೇ ತಂದಳು. ಎಷ್ಟೋ ಕಾಲದ ಮೇಲೆ ಅಪ್ಪನ ಅಂಗಡಿಯೊಳಗೆ ಕಾಲಿಟ್ಟಿದ್ದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹಿಂತಿರುಗುವವಳು ಗೋಡೆಯ ಎದುರು ನಿಂತಳು. ಕ್ಯೂ ಗಳ ಸಾಲಿನಲ್ಲಿ ಬಾಲ ಸೊಟ್ಟಗಾದದ್ದು ಒಂದೇ ನೇತಾಡುತ್ತಿತ್ತು. ಅವಳ ಕಣ್ಣು ಇ ಗಳ ಸಾಲಿಗೆ ಹೋಯಿತು, ಐ ಗಳ ಸಾಲಿಗೆ ಹೋಯಿತು. ತನ್ನ ತಲೆಯ ಮೇಲೆ ದಿನವೂ ಇದ್ದ ಅಕ್ಷರಗಳ ಗುರುತು ಅವಳಿಗೆ ಸಿಗದೆ ಇದ್ದೀತೇ? ಅವು ಅಲ್ಲಿರಲಿಲ್ಲ.

'ಮಿಕ್ಕಿದ್ದೆಲ್ಲ ಎಲ್ಲಪ್ಪ?' ಎಂದಳು.

ಅಕ್ಷರಪ್ಪನವರು ಡಬ್ಬಿಯ ಮುಚ್ಚಳದೊಂದಿಗೆ ಹೆಣಗಾಡಿದರು. ಯಾವ ಮಿಕ್ಕಿದ್ದು ಎಂದು ಕೇಳಿ ನೋಡಿದರು.

'ನನ್ನ ಅಂಗಡೀದು.' ಅವಳೇ ಮುಂದುವರಿಸಿದಳು. ದನಿಯಲ್ಲಿ ದೂರಿರಲಿಲ್ಲ, ಅದೇ ಅವರಿಗೆ ಹೆಚ್ಚು ಚುಚ್ಚಿತು. 'ಗುಜರಿಗೆ ಹಾಕಿಬಿಟ್ಯಾ? ಹಾಕಿದ್ರೆ ಹಾಕಿದ್ದೇ ಒಳ್ಳೇದು ಬಿಡು. ಆ ಅಕ್ಷರಾನ ಇನ್ಯಾರ ತಲೆಗಾದ್ರೂ ಕಟ್ಟೋಕಾಗುತ್ತಾ? ಅವರೂ ಮುಳುಗ್ತಾರೆ.'

ಅಕ್ಷರಪ್ಪನವರ ತುತ್ತು ಕೈಯಲ್ಲೇ ಉಳಿಯಿತು. ಗುಟ್ಟು ಒಡೆದರೆ ಕಸುಬು ಹೋಗುತ್ತದೆ. ಒಬ್ಬ ಅಂಗಡಿಯವನಿಗೆ ಗೊತ್ತಾದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಮರುದಿನ ಎಲ್ಲರೂ ತಮ್ಮ ತಮ್ಮ ಅಕ್ಷರ ಕಿತ್ತುಕೊಂಡು ಬಂದು ಈ ಮೇಜಿನ ಮೇಲೆ ಕುಕ್ಕುತ್ತಾರೆ. ಒಡೆಯದಿದ್ದರೆ? ಒಡೆಯದಿದ್ದರೆ ಇವಳು ಈ ಬಾಗಿಲು ದಾಟಿ, ನೆಲ ನೋಡಿಕೊಂಡು, ಹೆಸರಿಲ್ಲದ ಕೋಣೆಗೆ ಹೋಗುತ್ತಾಳೆ.

ಅವರು ಕೈ ತೊಳೆದುಕೊಂಡರು. ಹಾಡಹಗಲಲ್ಲಿ ಶಟರು ಎಳೆದರು. ಎದುರಿನ ಹೂವಿನಂಗಡಿಯವಳು ಯಾರಾದರೂ ಹೋಗಿಬಿಟ್ಟರೇ ಎಂದು ಗಾಬರಿಯಿಂದ ಕೇಳಿದಳು. ಯಾರೂ ಹೋಗಿಲ್ಲ, ಮಗಳ ಜೊತೆ ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದರೆ ಅವಳ ಗಾಬರಿ ಇನ್ನೂ ಹೆಚ್ಚಾಯಿತು.

ಮೊದಲು ಬೇಕರಿಯ ಎದುರು ನಿಂತರು. 'ಮೇಲೆ ನೋಡು' ಎಂದರು ಪಿಸುದನಿಯಲ್ಲಿ. ಅವಳು ನೋಡಲಿಲ್ಲ. 'ನೋಡು ಪುಟ್ಟಿ, ನಿನ್ನಪ್ಪ ಹೇಳ್ತಿದೀನಿ.' ಅವಳು ಕಷ್ಟಪಟ್ಟು ಕತ್ತೆತ್ತಿದಳು. 'ಫ್ರೆಶ್' ಎಂದಿತ್ತು. ನಡುವಿನ ಇ ನಿನ್ನದು ಎಂದರು. ಅದರ ಕೆಳಗಿನ ಗೆರೆ ಮೇಲಿನದಕ್ಕಿಂತ ತುಸು ಉದ್ದ. ಆ ದಿನ ಅವರಿಗೆ ಖುಷಿಯಲ್ಲಿ ಕತ್ತರಿ ನಿಂತಿರಲಿಲ್ಲ. ಬಾಗಿಲಲ್ಲಿ ಬ್ರೆಡ್ಡಿಗೆ ಜನ ಸಾಲುಗಟ್ಟಿದ್ದರು. ಅವಳು ಒಮ್ಮೆ ಅಕ್ಷರವನ್ನು ನೋಡಿದಳು, ಒಮ್ಮೆ ಸಾಲನ್ನು ನೋಡಿದಳು.

ಗಡಿಯಾರ ರಿಪೇರಿಯವರ 'ಟೈಮ್'ನಲ್ಲಿ ಅವಳ ಒಂದು ಐ ನೆಟ್ಟಗೆ ನಿಂತಿತ್ತು. ಇನ್ನೊಂದು ಐ ಕನ್ನಡಕದಂಗಡಿಯ 'ವಿಷನ್'ಗೆ ಹೋಗಿತ್ತು. ಆ ಅಂಗಡಿಯವರು ಕಳೆದ ವರ್ಷವಷ್ಟೇ ಪಕ್ಕದ ಮಳಿಗೆಯನ್ನೂ ಹಿಡಿದು ನಡುವಿನ ಗೋಡೆ ಒಡೆಸಿದ್ದರು. ಲ್ಯಾಂಪು ಮಾರುವವನ ಹೆಸರಿನ ತುದಿಯ ಟಿ ಅವಳದು. ರೇಡಿಯೊ ರಿಪೇರಿಯವನ 'ಫಿಕ್ಸ್'ನಲ್ಲಿ ಎಕ್ಸ್ ಕಾಲು ಅಗಲಿಸಿಕೊಂಡು ಯಜಮಾನನ ಹಾಗೆ ನಿಂತಿತ್ತು. ಎಲ್ಲೆಡೆಯೂ ಅಕ್ಷರಪ್ಪನವರು ಅತ್ತಿತ್ತ ನೋಡಿ, ಕಳ್ಳಮಾಲು ತೋರಿಸುವವರ ಹಾಗೆ ಗದ್ದದಿಂದಲೇ ತೋರಿಸುತ್ತಿದ್ದರು. ಅರ್ಧ ಬೀದಿಯ ಹೊತ್ತಿಗೆ ಮಗಳು ಅಪ್ಪ ಹೇಳುವ ಮೊದಲೇ ಕತ್ತೆತ್ತತೊಡಗಿದ್ದಳು. 'ಸಂಗೀತದ ಮೇಡಂ ಮನೆ ಬೋರ್ಡಲ್ಲಿರೋ ಯು ನಂದಲ್ವಾ' ಎಂದು ಅವಳೇ ಕೇಳಿದಾಗ ಅವರು ಹೌದೆಂದು ತಲೆಯಾಡಿಸಿದರು.

ಸಲೂನಿನ ಎದುರಿಗೆ ಬರುವ ಹೊತ್ತಿಗೆ ಎಚ್ಚರ ತಪ್ಪಿತ್ತು. 'ಸ್ಟೈಲ್' ಎಂಬುದರ ಮೊದಲ ಅಕ್ಷರಕ್ಕೆ ಬೆರಳು ಮಾಡಿ, ಪಿಸುಗುಟ್ಟುವುದನ್ನು ಮರೆತು, 'ಆ ಎಸ್ ನೋಡು, ಅದೂ ನಿನ್ನ ಅಂಗಡೀದೇ' ಎಂದುಬಿಟ್ಟರು. ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬರ ಗಲ್ಲಕ್ಕೆ ನೊರೆ ಬಳಿಯುತ್ತಿದ್ದ ಸಲೂನಿನವನು ಬ್ರಷ್ಷು ಹಿಡಿದುಕೊಂಡೇ ಹೊರಬಂದ. ಅಕ್ಷರಪ್ಪನವರು ಎಸ್ ಎಂಬ ಅಕ್ಷರದ ಚರಿತ್ರೆಯ ಬಗ್ಗೆ ಏನೋ ತೊದಲಿದರು.

'ಗೊತ್ತು ಬಿಡಿ ಯಜಮಾನ್ರೇ' ಎಂದ ಅವನು.

ಏನು ಗೊತ್ತು ಎಂದು ಇವರು ಕೇಳಿದರು.

'ಮುಚ್ಚಿದ ಅಂಗಡೀದು ಅಂತ. ಹಳದಿ ಹಿತ್ತಾಳೆ ಮೇಲೆ ಎರಡು ಬಿಳೀ ಚುಕ್ಕೆ ಬೆಸುಗೆ. ವಾರಕ್ಕೊಂದು ಸಲ ಏಣಿ ಹತ್ತಿ ಒರೆಸೋನು ನಾನು, ನನಗೆ ಕಾಣಲ್ವಾ? ಬೇಕರಿಯವರಿಗೂ ಗೊತ್ತು, ಗಡಿಯಾರದವರಿಗೂ ಗೊತ್ತು. ಈ ಬೀದೀಲಿ ಗೊತ್ತಿಲ್ಲದೇ ಇದ್ದೋರು ಅಂದ್ರೆ ನೀವೊಬ್ರೇ, ನಮಗೆ ಗೊತ್ತು ಅಂತ.'

ಅಕ್ಷರಪ್ಪನವರು ತಲೆಯೆತ್ತಿ ಆ ಎಸ್ ಅನ್ನು ಮತ್ತೊಮ್ಮೆ ನೋಡಿದರು. ಇಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡು ಸಾಕಿದ ಗುಟ್ಟು ಹೀಗೆ ಬೀದಿಯ ನಾಯಿಗೂ ಪರಿಚಯವಾಗಿತ್ತೆಂದರೆ ಸಮಾಧಾನ ಪಡಬೇಕೋ ಅವಮಾನ ಪಡಬೇಕೋ ತಿಳಿಯಲಿಲ್ಲ. ಮತ್ತೆ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದರು.

'ನೀವು ಅಷ್ಟು ಜೋಪಾನವಾಗಿ ಇಟ್ಕೊಂಡಿದ್ರಿ. ನಾವ್ಯಾಕೆ ಹಾಳು ಮಾಡೋದು ಅಂತ.'

ಒಳಗಿನಿಂದ ನೊರೆ ಬಳಿಸಿಕೊಂಡವರು ತಾವಿನ್ನೂ ಇದ್ದೇವೆ ಎಂಬಂತೆ ಕೆಮ್ಮಿದರು. ಸಲೂನಿನವನು ಅದನ್ನು ಕೇಳಿಸಿಕೊಳ್ಳದೆ ಮಗಳ ಕಡೆ ತಿರುಗಿದ. ಇಷ್ಟು ದಿನ ಈ ಕಡೆ ಬರಲೇ ಇಲ್ಲವಲ್ಲ ಎಂದು ಆಕ್ಷೇಪಿಸಿದ. ಅವಳು, ತನ್ನ ಅಕ್ಷರ ಎಂದು ಗೊತ್ತಿದ್ದೂ ಹೆದರಿಕೆಯಾಗಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

'ಅಕ್ಷರ ಅತ್ಲಾಗಿರ್ಲಿ ತಾಯಿ, ಇಲ್ಲಿ ಬಾ' ಎಂದು ಒಳಗೆ ಕರೆದ. ಕನ್ನಡಿಗಳ ಸಾಲಿನ ಕೊನೆಗೆ, ತಲೆ ತೊಳೆಯುವ ಜಾಗಕ್ಕೆ ಅಡ್ಡವಾಗಿ ಒಂದು ಪರದೆ ಇತ್ತು. ಅದರ ನೀಲಿ ಹೋಗಿ ಬೂದು ಬಣ್ಣವಾಗಿತ್ತು. ದಿನಕ್ಕೆ ಎಷ್ಟೋ ಒದ್ದೆ ಕೈಗಳು ಎಳೆದು ಎಳೆದು ಅಂಚಿನ ಬಟ್ಟೆ ಜಾಳಾಗಿತ್ತು. ಅವನು ಅಂಚನ್ನು ಮಗುಚಿ ಹಿಡಿದು ತೋರಿಸಿದ. ಒಳಗಿನ ಹೊಲಿಗೆ ಸಾಲು ಇರುವೆ ಸಾಲಿನ ಹಾಗೆ, ಒಂದೂ ಬಿಟ್ಟಿರಲಿಲ್ಲ. 'ನಿನ್ನ ಅಂಗಡಿ ಮುಂದೆ ಗುಂಡಿ ಇದ್ದಾಗ ಹಲಗೆ ಮೇಲೆ ಬಂದು ತಗೊಂಡಿದ್ದು ಇದು. ಬಟ್ಟೆ ಸತ್ತಿದೆ, ಹೊಲಿಗೆ ಸತ್ತಿಲ್ಲ. ಇನ್ನೊಂದು ಬೇಕು ಅಂದ್ರೆ ನೀನು ಎಲ್ಲೂ ಸಿಗ್ಲಿಲ್ಲ.'

ಅವಳು ಆ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಹೊಲಿದವರಿಗೆ ತಮ್ಮ ಹೊಲಿಗೆ ಕೈಗೆ ಸಿಕ್ಕಿದರೆ ತಿಳಿಯುತ್ತದೆ. ಅಲ್ಲೇ ನಿಂತು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಸವರಿ ನೋಡಿದಳು. ಅಕ್ಷರಪ್ಪನವರು ಕನ್ನಡಿಯಲ್ಲಿ ತಮ್ಮ ಮೀಸೆಯನ್ನು ಅನಗತ್ಯವಾಗಿ ತಿದ್ದಿಕೊಂಡರು. ಕಣ್ಣೊರೆಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಆ ಅಂಗಡಿಯಲ್ಲಿ ಬೇರೆ ಇರಲಿಲ್ಲ.

ವಾಪಸು ಬಂದು ಶಟರು ಎತ್ತಿದಾಗ ಡಬ್ಬಿಯಲ್ಲಿನ ಅನ್ನ ಆರಿ ತಣ್ಣಗಾಗಿತ್ತು. ಮಗಳು ನೇರವಾಗಿ ಗೋಡೆಯ ಹತ್ತಿರ ಹೋಗಿ ಕ್ಯೂ ಅನ್ನು ಮೊಳೆಯಿಂದ ತೆಗೆದಳು. ಇದನ್ನೊಂದು ಯಾಕೆ ಯಾರೂ ಒಯ್ಯಲಿಲ್ಲ ಎಂದು ಕೇಳಿದಳು. ಕ್ಯೂ ಇರುವ ಪದ ಕಡಿಮೆ ಎಂದು ಅವರು ಶಾಸ್ತ್ರ ಶುರು ಮಾಡಿದರು. ಆಮೇಲೆ ನಿಜ ಹೇಳಿದರು: ಒಬ್ಬಿಬ್ಬರು ಕೇಳಿದ್ದರು, ತಾವೇ ಕೊಡಲಿಲ್ಲ. ಬಾಲ ಸೊಟ್ಟಗಾದದ್ದು ತಮ್ಮ ಕೈಯಿಂದ, ಸರಿ ಮಾಡಿ ಕೊಡೋಣ ಎಂದುಕೊಂಡರೆ ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ. ಹೆಸರೂ ತಾವೇ ಇಟ್ಟದ್ದು. ಪರದೆ ಅಂಗಡಿಗೆ ಪರದೆ ಎಂದು ಇಟ್ಟಿದ್ದರೆ ಚೆನ್ನಾಗಿತ್ತೇನೋ.

ಮಗಳು ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳ ಆ ನಗು ಕೇಳಿದ್ದು. 'ಅಪ್ಪ, ನಿನ್ನ ಹೆಸರಿಗೆ ಅಷ್ಟು ಶಕ್ತಿ ಇದ್ದಿದ್ರೆ ಗುಂಡೀನೇ ಮುಚ್ಚಿಹೋಗ್ತಿತ್ತು.'

ಅಂದು ಸಂಜೆ ಡಿಕ್ಷನರಿ ಮತ್ತೆ ಮೇಜಿಗೆ ಇಳಿಯಿತು, ಈ ಸಲ ಇಳಿಸಿದವಳು ಮಗಳು. ಕ್ಯೂ ಇರುವ ಪದ, ಚಿಕ್ಕದಾಗಿರಬೇಕು, ಓದಲು ಯಾರಿಗೂ ಕಷ್ಟವಾಗಬಾರದು ಎಂಬುದು ಅವಳ ಷರತ್ತು. ಅಕ್ಷರಪ್ಪನವರು ಕನ್ನಡಕ ಏರಿಸಿ ಬೆರಳು ಓಡಿಸಿದರು. 'ಕ್ವೀನ್' ಎಂದರು, ರಾಣಿ. ಬೇಡ ಎಂದಳು. 'ಕ್ವೆಸ್ಟ್' ಎಂದರು, ಅನ್ವೇಷಣೆ. ಕಳೆದುಹೋದ ಸಾಮಾನು ಹುಡುಕಿಕೊಡುವ ಅಂಗಡಿ ಎಂದುಕೊಂಡಾರು ಎಂದರು ಹೆಂಡತಿ. 'ಕ್ವಾರಂಟೈನ್' ಎಂಬುದನ್ನು ಅಕ್ಷರಪ್ಪನವರು ಉದ್ದ ನೋಡಿ ಮೆಚ್ಚಿದರು. ತಾಯಿ ಮಗಳು ಒಟ್ಟಿಗೆ ಕೈಮುಗಿದರು. ಆಮೇಲೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಕ್ಯೂ, ಯು, ಐ, ಎಲ್, ಟಿ. ಬಹಳ ಚಿಕ್ಕದು, ಗಾಂಭೀರ್ಯವಿಲ್ಲ ಎಂದು ಮುಂದಿನ ಸಾಲಿಗೆ ಇಳಿಯುತ್ತಿದ್ದ ಬೆರಳನ್ನು ಹೆಂಡತಿ ಹಿಡಿದು ನಿಲ್ಲಿಸಿದರು. ಅರ್ಥ ಓದಿದರು: ಎರಡು ಬಟ್ಟೆಗಳ ನಡುವೆ ಮೆತ್ತನೆಯದನ್ನಿಟ್ಟು ಹೊಲಿದ ಹೊದಿಕೆ.

'ಕ್ವಿಲ್ಟ್. ಅಂದ್ರೆ ಕೌದಿ' ಎಂದರು ಆಕೆ. 'ಕೌದಿ ಅಂಗಡಿಗೆ ಕೌದಿ ಅಂತ.'

ಅಕ್ಷರಪ್ಪನವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಮುಚ್ಚಿದರು. ಮಗಳು ಮಾತ್ರ ಆ ಪದವನ್ನು ಒಂದೆರಡು ಸಲ ತನ್ನಷ್ಟಕ್ಕೆ ಹೇಳಿಕೊಂಡಳು, ಬಟ್ಟೆಯ ತುಂಡನ್ನು ಇನ್ನೊಂದರ ಪಕ್ಕ ಇಟ್ಟು ನೋಡುವಂತೆ. ಆಮೇಲೆ, 'ಯಾವಾಗ ಹಾಕ್ತೀಯಪ್ಪ?' ಎಂದಳು.

ಮಿಕ್ಕ ಅಕ್ಷರಗಳನ್ನು ಹೊಸದಾಗಿ ಕತ್ತರಿಸಿ ಕೊಡುತ್ತೇನೆ ಎಂದರೆ ಅವಳು ಒಪ್ಪಲಿಲ್ಲ, ಗೋಡೆಯಿಂದಲೇ ಬೇಕು ಎಂದಳು. ಅಷ್ಟೇ ಅಲ್ಲ, ಯಾವುದು ಯಾರ ಮನೆಯಿಂದ ಬಂದದ್ದು ಎಂದು ತಿಳಿಯಬೇಕು ಎಂದಳು. ಆ ಪ್ರಶ್ನೆಗೆ ಅಕ್ಷರಪ್ಪನವರು ಜೀವಮಾನದಲ್ಲಿ ಮೊದಲ ಸಲ ಉತ್ತರ ಕೊಟ್ಟರು. ಯು ಹಣ್ಣಿನಂಗಡಿಯದು; ಆ ಮುದುಕಿ ಮಾಗಿದ ಹಣ್ಣನ್ನು ಮಾರದೆ ಮಕ್ಕಳಿಗೆ ಹಂಚಿ ಹಂಚಿಯೇ ಅಂಗಡಿ ಮುಚ್ಚಿದಳು. 'ಫ್ರೂಟ್'ನಲ್ಲಿ ಐ, ಟಿ ಗಳೂ ಇದ್ದವು, ಆದರೆ ಕಾನೂನು ಕಾನೂನೇ, ಅವನ್ನು ಮುಟ್ಟಲಿಲ್ಲ. ಐ ಬಣ್ಣ ಮಾರುತ್ತಿದ್ದವನದು, ಅವನಿಗೆ ಸ್ವಂತ ಗೋಡೆಗೆ ಬಣ್ಣ ಬಳಿಯಲು ಎಂದೂ ಪುರುಸೊತ್ತಾಗಲಿಲ್ಲ. ಎಲ್ ಒಂದು ಹೋಟೆಲಿನ ತುದಿಯದು. ಟಿ ಆಟಿಕೆ ಅಂಗಡಿಯ ಮೊದಲನೆಯದು. ಹೇಳುತ್ತ ಹೇಳುತ್ತ ಅವರಿಗೇ ಆಶ್ಚರ್ಯವಾಯಿತು, ಇವೆಲ್ಲ ತಮಗೆ ಇಷ್ಟು ನೆನಪಿವೆಯಲ್ಲ ಎಂದು. ಮಗಳು ಒಂದೊಂದನ್ನೂ ತ್ಯಾಪೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಬೋರ್ಡು ಏರಿದ ದಿನ ಲಾಂಡ್ರಿಯ ಹಿಂದಿನ ಓಣಿಯಲ್ಲಿ ಸಣ್ಣ ಗುಂಪೇ ಸೇರಿತ್ತು. ಸಲೂನಿನವನು ಬಂದು ಅಳತೆಯ ಚೀಟಿ ಕೊಟ್ಟು, ಕೌದಿ ಆಮೇಲೆ, ಮೊದಲು ನನ್ನ ಪರದೆ ಎಂದು ಜಬರದಸ್ತಿ ಮಾಡಿದ. ಅಕ್ಷರಪ್ಪನವರು ಸೊಟ್ಟ ಬಾಲವನ್ನು ನೆಟ್ಟಗೆ ಮಾಡಲು ಸುತ್ತಿಗೆ ತಂದಿದ್ದರು. ಮಗಳು ಸುತ್ತಿಗೆಯನ್ನು ಕಸಿದು ಅಮ್ಮನ ಕೈಗೆ ಕೊಟ್ಟಳು. ಅದು ಇರುವ ಹಾಗೇ ಇರಲಿ ಎಂದಳು. ಅವರು ಏಣಿಯ ಮೇಲೆ, ಅವಳು ಕೆಳಗೆ ಏಣಿ ಹಿಡಿದು. ಆ ದಿನ ಬಿಚ್ಚಿದಾಗಲೂ ಹೀಗೇ ನಿಂತಿದ್ದರು. ಅಪ್ಪನ ಕೈ ಈ ಸಲವೂ ನಡುಗಿತು. 'ನಿಧಾನ ಅಪ್ಪ, ಇದು ಬೀಳಲ್ಲ' ಎಂದಳು ಕೆಳಗಿನಿಂದ, ಕತ್ತೆತ್ತಿ.

ಕೊನೆಯ ಸ್ಕ್ರೂ ಬಿಗಿದು ಇಳಿದು ಬಂದು, ಹಿಂದೆ ಹಿಂದೆ ಸರಿದು ನೋಡಿದಾಗ ಅಕ್ಷರಪ್ಪನವರಿಗೆ ತಡೆಯಲಾಗಲಿಲ್ಲ. ಬೆಸುಗೆಯ ಬಿಳಿ ಚುಕ್ಕೆಗಳು ಇಲ್ಲಿಂದ ಕಾಣುವುದಿಲ್ಲ ತಾನೇ ಎಂದು ಹೆಂಡತಿಯನ್ನು ಕೇಳಿದರು. ಒಂದೂ ಕಾಣುವುದಿಲ್ಲ ಎಂದು ಆಕೆ ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಹೇಳಿದರು.

ಆಗಲೇ ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಕೈ ತೋರಿಸಿ ದಾರಿ ಹೇಳುತ್ತಿದ್ದಳು: 'ಅದೇ ಕಣೇ, ಲಾಂಡ್ರಿ ಹಿಂದೆ. ಎಕ್ಸ್‌ರೇ ಅಂಗಡಿ ಹುಡುಗಿ ಮತ್ತೆ ಬಂದಿದಾಳೆ.'

ಅಕ್ಷರಪ್ಪನವರು ತಿದ್ದಲು ಹೊರಟರು. ಮಗಳು ಅವರ ಅಂಗಿಯ ತೋಳು ಹಿಡಿದು ನಿಲ್ಲಿಸಿದಳು, ಆಮೇಲೆ ಒಳಗೆ ಹೋಗಿ ದೀಪ ಹಾಕಿದಳು.